ಮೂರು ಸಲ ತೊಳೆದ ಬಾಟಲಿ

“ತೊಳೀಬೇಡ! ಏಯ್, ಬಿಡೋ ಆ ಬಾಟ್ಲೀನ!”

ನನ್ನ ಕೂಗು ಪಂಪ್‌ಹೌಸಿನ ಗೋಡೆಗಳಿಗೆಲ್ಲ ಬಡಿದು ವಾಪಸು ಬಂತು. ಆಪರೇಟರ್ ಬೆಚ್ಚಿಬಿದ್ದ. ಅಷ್ಟರಲ್ಲಿ ಅವನ ಕೈ ತನ್ನ ಕೆಲಸ ಮುಗಿಸಿಯಾಗಿತ್ತು. ಲ್ಯಾಬಿನವರು ಕಳಿಸಿದ್ದ ಖಾಲಿ ಬಾಟಲಿಗೆ ಒಂದಿಷ್ಟು ನೀರು ಬಿಟ್ಟು, ಗಡಗಡ ಕುಲುಕಿ, ನಲ್ಲಿಯ ಕೆಳಗಿನ ಸಿಮೆಂಟಿನ ಮೇಲೆ ಚೆಲ್ಲಿಬಿಟ್ಟಿದ್ದ.

ಸಿಮೆಂಟು ಸುಂಯ್ ಎಂದಿತು. ಅಲ್ಲಿ ಬಿಳಿ ನೊರೆ ಎದ್ದು, ಒಂದೆರಡು ಉಸಿರಿನ ಹೊತ್ತು ಗುಳುಗುಳು ಎಂದು ಆರಿಹೋಯಿತು.

ಬಾಗಿಲಿಗೆ ಒರಗಿ ಗಡಿಯಾರ ನೋಡುತ್ತಿದ್ದ ನನ್ನ ಮೈದುನ ತಲೆ ಎತ್ತಿದ. ಮನೆಯಲ್ಲಿ ಮೈದುನ, ಈ ಕೇಸಿಗೆ ಇನ್‌ಸ್ಪೆಕ್ಟರ್.

“ಏನಾಯ್ತು ಅತ್ತಿಗೆ? ಹಾವು ಕಂಡೋರ ಥರ ಕೂಗಿದ್ರಿ.”

“ಹಾವಾಗಿದ್ರೆ ಹೊಡೀಬಹುದಿತ್ತು ಕಣೋ. ಸುಮ್ನೆ ನಿಂತ್ಕೊ.”

ಗಂಟೆ ಎರಡೂವರೆ. ಐದಕ್ಕೆ ಇವನು ಟೈಲರಮ್ಮನನ್ನು ಕೋರ್ಟಿಗೆ ಕರೆದೊಯ್ಯಬೇಕು, ಅತ್ತೆಗೆ ಪಾಷಾಣ ಹಾಕಿ ಕೊಂದ ಸೊಸೆ ಎಂದು. ಸತ್ತ ಮುದುಕಿಯ ಕೂದಲಲ್ಲಿ, ಉಗುರಲ್ಲಿ ಆರ್ಸೆನಿಕ್ ಸಿಕ್ಕಿದೆ. ಮೂರು ಹೊತ್ತೂ ಬಡಿಸುತ್ತಿದ್ದವಳು ಸೊಸೆ. ದೂರು ಕೊಟ್ಟವಳು ಮುದುಕಿಯ ಹೆತ್ತ ಮಗಳು. ಪೊಲೀಸರಿಗೆ ಇನ್ನೇನು ಬೇಕು?

ವಿಷ ಕೈಯಿಂದ ಬಂದದ್ದಲ್ಲ, ನಲ್ಲಿಯಿಂದ ಬಂದದ್ದು ಎಂದು ಹಟ ಹಿಡಿದವಳು ನಾನೊಬ್ಬಳೇ. ಈ ಊರಿನ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಇರುವುದು ಎಲ್ಲರಿಗೂ ಗೊತ್ತು. ಅದನ್ನು ತೆಗೆಯಲಿಕ್ಕೆಂದೇ ನಾಲ್ಕು ವರ್ಷದ ಹಿಂದೆ ಈ ಪ್ಲಾಂಟು ಕಟ್ಟಿದರು. ಪ್ಲಾಂಟಿನಿಂದ ಹೊರಡುವ ನೀರನ್ನು ಪ್ರತಿ ತಿಂಗಳೂ ಒಂದು ಬಾಟಲಿ ಲ್ಯಾಬಿಗೆ ಕಳಿಸುತ್ತಾರೆ. ವರದಿ ಬರುತ್ತದೆ: ಆರ್ಸೆನಿಕ್ ಇಲ್ಲ. ಮುಂದಿನ ತಿಂಗಳೂ ಇಲ್ಲ. ಅದರ ಮುಂದಿನ ತಿಂಗಳೂ ಇಲ್ಲ.

ನನ್ನ ತಲೆ ಕೆಡಿಸಿದ್ದು ಆ ‘ಇಲ್ಲ’ಗಳೇ. ಮೊದಲ ವರ್ಷದ ವರದಿಗಳಲ್ಲಿ ಅಂಕಿಗಳಿದ್ದವು. ನಾಲ್ಕು, ಆರು, ಐದು, ಹೀಗೆ. ಲೀಟರಿಗೆ ಹತ್ತು ಮೈಕ್ರೋಗ್ರಾಮಿನ ಒಳಗಿದ್ದರೆ ಕುಡಿಯಬಹುದು. ಪ್ರಾಮಾಣಿಕವಾಗಿ ಓಡುವ ಪ್ಲಾಂಟು ಒಂದಿಷ್ಟನ್ನು ಉಳಿಸಿಕೊಂಡೇ ಓಡುತ್ತದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಮೂರು ವರ್ಷ ಬರೀ ಸೊನ್ನೆ. ಮೂವತ್ತೈದು ತೆಗೆಯುತ್ತಿದ್ದ ಹುಡುಗ ಒಮ್ಮೆಲೇ ನೂರಕ್ಕೆ ನೂರು ತೆಗೆದರೆ ಟೀಚರ್ ಆದವಳು ಚಪ್ಪಾಳೆ ತಟ್ಟುವುದಿಲ್ಲ, ಪಕ್ಕದವನ ಪೇಪರ್ ತೆಗೆದು ನೋಡುತ್ತಾಳೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸಿದವಳು ನಾನು. ನನಗೆ ಸೊನ್ನೆಯನ್ನೂ ನಂಬುವ ಅಭ್ಯಾಸವಿಲ್ಲ, ನೂರನ್ನೂ ನಂಬುವ ಅಭ್ಯಾಸವಿಲ್ಲ.

ನಾನು ಮಂಡಿಯೂರಿ ಕೂತೆ. ಮಂಡಿ ಕಟಕಟ ಅಂದಿತು, ಅನ್ನಲಿ. ನಲ್ಲಿಯ ಕೆಳಗೆ ಊಟದ ತಟ್ಟೆಯಷ್ಟು ಅಗಲ ಸಿಮೆಂಟು ತಿಂದುಹೋಗಿತ್ತು. ಉಳಿದ ನೆಲವೆಲ್ಲ ನುಣ್ಣಗೆ, ಅಷ್ಟು ಜಾಗ ಮಾತ್ರ ಜಲ್ಲಿ ಕಾಣುವ ಹಾಗೆ ಒರಟು.

“ಇದು ಯಾವಾಗಿಂದ ಹೀಗಿದೆ?”

“ಗೊತ್ತಿಲ್ಲ ಟೀಚರ್. ನೀರು ಬಿದ್ದೂ ಬಿದ್ದೂ ಹಾಗಾಗಿರ್ಬೇಕು,” ಎಂದ ಆಪರೇಟರ್.

“ನೀರು ಬಿದ್ರೆ ಪಾಚಿ ಕಟ್ಟುತ್ತೆ. ಹೀಗೆ ತಿನ್ನೋದು ಆಸಿಡ್.”

ಅವನಿಗೆ ನಲವತ್ತೈದರ ಹತ್ತಿರ. ಎಲ್ಲರೂ ಅವನನ್ನು ಕರೆಯುವುದು ಶಿಸ್ತಪ್ಪ ಎಂದು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಗೋಡೆಯ ಮೊಳೆಗಳಿಗೆ ಸಾಲಾಗಿ ನೇತುಹಾಕಿದ ಸ್ಪಾನರುಗಳು, ಕನ್ನಡಿಯ ಹಾಗೆ ಒರೆಸಿದ ಪಂಪುಗಳು. ಇಷ್ಟು ಚೊಕ್ಕಟವಾದ ಪಂಪ್‌ಹೌಸನ್ನು ನಾನು ಜನ್ಮದಲ್ಲಿ ನೋಡಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

“ಪ್ರತಿ ತಿಂಗಳೂ ಹೀಗೇ ತೊಳೀತೀಯಾ?”

“ಮೂರು ಸಲ. ಒಂದು ಸಲಾನೂ ತಪ್ಪಿಸಿಲ್ಲ. ಮೂರು ವರ್ಷದ ಹಿಂದೆ ನಾನು ಬಂದಾಗಿಂದ ಹಿಡಿದು.”

“ನಿಂಗಿಂತ ಮುಂಚೆ ಇದ್ದೋರು?”

“ಅಯ್ಯೋ, ಅವರನ್ನ ಕೇಳಬೇಡಿ. ಬಾಟ್ಲಿ ಬಂದ ಹಾಗೇ ನಲ್ಲಿ ಕೆಳಗೆ ಹಿಡಿದು ತುಂಬಿಸಿಬಿಡ್ತಿದ್ರು. ಎಂಥಾ ಗಲೀಜು ಮನುಷ್ಯ!”

ಗಲೀಜು ಮನುಷ್ಯನ ಕಾಲಕ್ಕೆ ನಾಲ್ಕು, ಆರು, ಐದು. ಈ ಚೊಕ್ಕಟ ಮನುಷ್ಯನ ಕಾಲಕ್ಕೆ ಸೊನ್ನೆ.

“ಬಾಟ್ಲಿ ಮೇಲೆ ಚೀಟಿ ಇರಲಿಲ್ವೇನೋ? ತೊಳೀಬೇಡಿ, ಒಳಗೆ ಆಸಿಡ್ ಇದೆ ಅಂತ?”

“ಏನೋ ಹಳದಿ ಚೀಟಿ ಇರುತ್ತೆ ಟೀಚರ್. ಒದ್ದೆಯಾಗಿ, ಅರ್ಧ ಹರಿದು, ಅಂಟಂಟು. ಅದನ್ನ ಕಿತ್ತು, ಹೊರಗಡೆ ಸೋಪು ಹಾಕಿ ಉಜ್ಜಿ, ನಾನೇ ಹೊಸ ಚೀಟಿ ಬರೆದು ಅಂಟಿಸ್ತೀನಿ.” ಮೇಜಿನ ಮೇಲೆ ಅವನ ಚೀಟಿಗಳು ಸಿದ್ಧವಾಗಿದ್ದವು. ಮುತ್ತು ಪೋಣಿಸಿದಂಥ ಅಕ್ಷರ. “ಒಳಗೆ ತಳದಲ್ಲಿ ಯಾವಾಗ್ಲೂ ನಾಲ್ಕು ಹನಿ ಏನೋ ಉಳಿದಿರುತ್ತೆ. ಲ್ಯಾಬಿನೋರು ಸರಿಯಾಗಿ ಒಣಗಿಸೋದೇ ಇಲ್ಲ.”

“ಆ ನಾಲ್ಕು ಹನಿಯೇ ಕಣೋ ಆಸಿಡ್! ಅದನ್ನ ಬೇಕೂ ಅಂತಲೇ ಹಾಕಿ ಕಳಿಸ್ತಾರೆ!”

ಅವನ ಬಾಯಿ ಅರ್ಧ ತೆರೆದೇ ನಿಂತಿತು.

“ಮೂರು ಸಲ ತೊಳೀಬೇಕು ಅಂತ ನಿಂಗೆ ಯಾವ ಮಹಾನುಭಾವ ಹೇಳಿಕೊಟ್ಟ?” ಸಿಟ್ಟು ನೆತ್ತಿಗೇರಿತ್ತು ನನಗೆ. “ಯಾವ ದಡ್ಡ ಶಿಖಾಮಣಿ ಅವನು, ಹೆಸರು ಹೇಳು.”

ಶಿಸ್ತಪ್ಪ ನೆಲ ನೋಡಿದ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ ಹಾಗೆ ನಿಂತ.

“ನೀವೇ ಟೀಚರ್.”

“ಏನು?”

“ಒಂಬತ್ತನೇ ಕ್ಲಾಸು, ಬಿ ಸೆಕ್ಷನ್. ಮೊದಲನೇ ಪ್ರಾಕ್ಟಿಕಲ್. ‘ಯಾವ ದ್ರಾವಣ ತುಂಬಿಸ್ತೀರೋ ಅದೇ ದ್ರಾವಣದಲ್ಲಿ ಮೂರು ಸಲ ತೊಳೀರಿ, ತೊಳೀದೇ ಇದ್ದೋರು ನನ್ನ ಲ್ಯಾಬಿಗೆ ಕಾಲಿಡಬೇಡಿ’ ಅಂದಿದ್ರಿ. ನಂಗೆ ಕೆಮಿಸ್ಟ್ರೀಲಿ ನೆನಪಿರೋದು ಅದೊಂದೇ.”

ಮೈದುನ ಮುಖ ಆಚೆ ತಿರುಗಿಸಿದ. ನಗು ತಡೆದನೋ ಕನಿಕರ ತಡೆದನೋ ತಿಳಿಯಲಿಲ್ಲ. ನನಗಂತೂ ನಿಂತ ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತೇನೆ ಎನ್ನಿಸಿತು. ಮೂವತ್ತೊಂದು ವರ್ಷ ಗಂಟಲು ಹರಿದುಕೊಂಡು ಕಲಿಸಿದ್ದರಲ್ಲಿ ಒಬ್ಬ ಹುಡುಗ ಒಂದೇ ಒಂದು ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ, ಅದೇ ಊರಿಗೆ ಮುಳುವಾಗಿದೆ.

“ಅತ್ತಿಗೆ, ನಂಗೆ ಅರ್ಥ ಆಗೋ ಹಾಗೆ ಹೇಳಿ,” ಎಂದ ಮೈದುನ. “ತೊಳೆದ್ರೆ ಏನೀಗ? ಒಳ್ಳೇದೇ ಅಲ್ವಾ?”

“ಈ ನೀರಲ್ಲಿ ಕಬ್ಬಿಣ ಇದೆ. ಆಸಿಡ್ ಇದ್ರೆ ಕಬ್ಬಿಣ, ಆರ್ಸೆನಿಕ್ ಎರಡೂ ನೀರಲ್ಲೇ ಕರಗಿಕೊಂಡಿರ್ತವೆ. ಆಸಿಡ್ ಇಲ್ದೇ ಹೋದ್ರೆ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರುತ್ತೆ, ಬಾಟ್ಲಿ ಗೋಡೆಗೆ ಅಂಟ್ಕೊಳ್ಳುತ್ತೆ. ಕೂರುವಾಗ ಆರ್ಸೆನಿಕ್ಕನ್ನೂ ಜೊತೆಗೆ ಎಳ್ಕೊಂಡು ಹೋಗುತ್ತೆ. ಬಾಟ್ಲಿ ಇಲ್ಲಿ ಎಷ್ಟು ದಿನ ಇರುತ್ತೋ?”

“ಲ್ಯಾಬಿನ ವ್ಯಾನು ಬರೋವರೆಗೆ, ಎಂಟು ದಿನ,” ಎಂದ ಶಿಸ್ತಪ್ಪ. ಅವನ ದನಿ ಇಳಿದಿತ್ತು.

“ಎಂಟು ದಿನ! ಅಲ್ಲಿ ಮೇಲಿನ ತಿಳಿನೀರು ತೆಗೆದು ಪರೀಕ್ಷೆ ಮಾಡ್ತಾರೆ, ಏನೂ ಇಲ್ಲ ಅಂತ ಬರೀತಾರೆ. ವಿಷ ಬಾಟ್ಲಿ ಗೋಡೇಲಿ ಕೂತು ನಗ್ತಾ ಇರುತ್ತೆ.”

“ಅಂದ್ರೆ ವರದಿ ಸುಳ್ಳು.”

“ವರದಿ ನಿಜಾನೇ ಕಣೋ. ಬಾಟ್ಲಿ ಸುಳ್ಳು.”

ಮೈದುನ ಗಡಿಯಾರ ನೋಡಿದ. “ಇದೆಲ್ಲ ನೀವು ಹೇಳೋ ಮಾತು. ಜಡ್ಜ್ ಮುಂದೆ ಮೂವತ್ತಾರು ವರದಿ ಇಡ್ತಾರೆ. ನೀವು ಏನು ಇಡ್ತೀರಿ?”

ಅದಕ್ಕೆಂದೇ ನನ್ನ ಹಳೆಯ ಟಿಫಿನ್ ಡಬ್ಬಿ ತಂದಿದ್ದೆ. ಒಳಗೆ ಸಣ್ಣ ಸೀಸೆ, ಎರಡು ಪೊಟ್ಟಣ ಪುಡಿ, ಸೀಸೆಯ ಮುಚ್ಚಳಕ್ಕೆ ಸಿಕ್ಕಿಸುವ ಪರೀಕ್ಷಾ ಕಾಗದ. ನೀರಿಗೆ ಪುಡಿ ಹಾಕಿದರೆ ಆರ್ಸೆನಿಕ್ ಗಾಳಿಯಾಗಿ ಮೇಲೆದ್ದು ಕಾಗದಕ್ಕೆ ಬಣ್ಣ ಹಿಡಿಸುತ್ತದೆ. ಇಪ್ಪತ್ತು ನಿಮಿಷ ಕಾಯಬೇಕು. ಬಿಳಿಯಾಗೇ ಉಳಿದರೆ ನೀರು ಒಳ್ಳೆಯದು. ಹಳದಿಯಾದರೆ ಕೆಟ್ಟದ್ದು, ಕಂದು ಬಣ್ಣಕ್ಕೆ ತಿರುಗಿದರೆ ಇನ್ನೂ ಕೆಟ್ಟದ್ದು. ಕಾಗದ ಎರಡೇ ಉಳಿದಿದ್ದವು.

ಒಂದನ್ನು ಸಿಕ್ಕಿಸಿದೆ. ಊರಿಗೆ ಹೋಗುವ ನಲ್ಲಿಯ ನೀರು ತುಂಬಿಸಿ, ಪುಡಿ ಹಾಕಿ, ಮುಚ್ಚಳ ತಿರುಗಿಸಿದೆ.

ಇಪ್ಪತ್ತು ನಿಮಿಷ ಎಂದರೆ ಎಷ್ಟು ಉದ್ದ ಎಂದು ಗೊತ್ತಾಗಬೇಕಾದರೆ ಹೀಗೆ ಕಾಯಬೇಕು. ಶಿಸ್ತಪ್ಪ ಅಭ್ಯಾಸಬಲದಿಂದ ಒಂದು ಲೋಟ ನೀರು ತಂದು ನನ್ನ ಮುಂದೆ ಇಟ್ಟ. ನಾನು ಲೋಟ ನೋಡಿದೆ, ಅವನೂ ಲೋಟ ನೋಡಿದ. ಯಾರೂ ಮುಟ್ಟಲಿಲ್ಲ.

ನನ್ನ ಅಂಗೈಯನ್ನು ಹೆಬ್ಬೆರಳಿನಿಂದ ಸವರಿಕೊಂಡೆ. ಕಿರುಬೆರಳಿನ ಬುಡದಲ್ಲಿ ಎರಡು ಗಟ್ಟಿ ಕಾಳುಗಳಿವೆ. ಪಾತ್ರೆ ತಿಕ್ಕಿ ಹಾಗಾಗಿದೆ ಎಂದುಕೊಂಡಿದ್ದೆ. ಆರ್ಸೆನಿಕ್ ಕುಡಿದವರ ಅಂಗೈ ಹೀಗೇ ಕಾಳುಗಟ್ಟುತ್ತದೆ, ಟೈಲರಮ್ಮ ನಮಗೆ ಕೊಟ್ಟ ಮೊದಲ ಸುಳಿವೇ ಅದು. “ನಮ್ಮತ್ತೆ ಅಂಗೈಗೆ ರೇಷ್ಮೆ ಸಿಕ್ಕಿಕೊಳ್ತಿತ್ತಮ್ಮಾ, ನಮ್ಮ ಬೀದಿಯ ಎಷ್ಟೋ ಜನರ ಕೈಗೂ ಸಿಕ್ಕಿಕೊಳ್ಳುತ್ತೆ,” ಎಂದಿದ್ದಳು. ಬಟ್ಟೆ ಹೊಲಿಯುವವಳ ಕಣ್ಣಿಗೆ ಬಿದ್ದದ್ದು ಡಾಕ್ಟರ ಕಣ್ಣಿಗೆ ಬೀಳಲಿಲ್ಲ.

“ಪ್ಲಾಂಟು ಓಡ್ತಾನೇ ಇದೆಯಲ್ಲ ಅತ್ತಿಗೆ,” ಎಂದ ಮೈದುನ. “ಮದ್ದು ಹಾಕ್ತಾ ಇದ್ದಾರೆ. ಆಮೇಲೂ ನೀರಲ್ಲಿ ವಿಷ ಹೇಗೆ ಉಳಿಯುತ್ತೆ?”

ಒಳ್ಳೆಯ ಪ್ರಶ್ನೆ. ಅವನಿಂದ ಅಪರೂಪಕ್ಕೆ ಬರುತ್ತದೆ. ನಾನು ಎದ್ದು ಪೈಪುಗಳ ಜಾಡು ಹಿಡಿದು ನಡೆದೆ.

ಆರ್ಸೆನಿಕ್ ತೆಗೆಯಲು ಮದ್ದು ಎರಡು. ಎರಡನೆಯದು ಕಬ್ಬಿಣದ ಮದ್ದು. ಅದು ನೀರಿಗೆ ಬಿದ್ದು ಹಿಂಜಿದ ಹತ್ತಿಯಂಥ ಕಂದು ಚೂರುಗಳಾಗಿ, ಆರ್ಸೆನಿಕ್ಕನ್ನು ಹಿಡಿದುಕೊಂಡು, ಮರಳಿನ ಫಿಲ್ಟರಿನಲ್ಲಿ ಸಿಕ್ಕಿಬೀಳುತ್ತದೆ. ಆದರೆ ಬಾವಿಯಿಂದ ಬರುವ ಆರ್ಸೆನಿಕ್ ಜಾರುಗಳ್ಳ. ಕಬ್ಬಿಣದ ಕೈಗೆ ಸುಲಭಕ್ಕೆ ಸಿಗುವುದಿಲ್ಲ. ಅದಕ್ಕೇ ಮೊದಲ ಮದ್ದು, ಕ್ಲೋರಿನ್. ಅದು ಆರ್ಸೆನಿಕ್ಕಿನ ಗುಣ ಬದಲಿಸಿದ ಮೇಲೇ ಕಬ್ಬಿಣ ಅದನ್ನು ಹಿಡಿಯುವುದು. ಮೊದಲನೆಯದು ಇಲ್ಲದೆ ಎರಡನೆಯದನ್ನು ಎಷ್ಟು ಸುರಿದರೂ ಅರ್ಧಕ್ಕರ್ಧ ತಪ್ಪಿಸಿಕೊಂಡು ಹೋಗುತ್ತದೆ.

ಕಬ್ಬಿಣದ ಡ್ರಮ್ಮು ತುಂಬಿತ್ತು, ಪಂಪು ಟಕ್ ಟಕ್ ಎಂದು ಹನಿಸುತ್ತಿತ್ತು. ಅದಕ್ಕಿಂತ ಮುಂಚಿನ ಪುಟ್ಟ ಕ್ಲೋರಿನ್ ಪೈಪಿನ ವಾಲ್ವನ್ನು ಪೂರ್ತಿ ಮುಚ್ಚಿ, ಹಿಡಿಗೆ ತಂತಿ ಸುತ್ತಿ ಬಿಗಿದಿದ್ದರು. ತಂತಿ ತುಕ್ಕು ಹಿಡಿದಿತ್ತು.

“ಇದನ್ನ ಯಾರೋ ಮುಚ್ಚಿದ್ದು?”

“ಕ್ಲೋರಿನ್ ಹಾಕ್ತಾ ಇದೀವಿ ಟೀಚರ್! ಕೊನೇಲಿ, ಟ್ಯಾಂಕಿಗೆ ಹೋಗೋ ಮುಂಚೆ, ಸ್ವಲ್ಪ. ಮೊದಲು ಇಲ್ಲಿ ಜಾಸ್ತಿ ಹಾಕ್ತಾ ಇದ್ವಿ. ನೀರು ವಾಸನೆ ಬರುತ್ತೆ ಅಂತ ಇಂಜಿನಿಯರ್ ಸಾಹೇಬ್ರು ನಿಲ್ಸಿಸಿದ್ರು.”

“ಯಾರು ವಾಸನೆ ಅಂದೋರು? ಊರಿನೋರಾ?”

ಶಿಸ್ತಪ್ಪ ತುಕ್ಕು ಹಿಡಿದ ತಂತಿಯ ಮೇಲೆ ಕೈ ಇಟ್ಟ. “ಸಾಹೇಬ್ರ ತಾಯಿ. ಬಾಯಿಗಿಟ್ರೆ ಆಸ್ಪತ್ರೆ ನೆನಪಾಗುತ್ತೆ ಅಂತ ನೀರೇ ಕುಡೀತಿರ್ಲಿಲ್ವಂತೆ. ಸಾಹೇಬ್ರು ಅಮ್ಮ ಹಾಕಿದ ಗೆರೆ ದಾಟೋರಲ್ಲ. ಹೇಗಿದ್ರೂ ವರದೀಲಿ ಸೊನ್ನೆ ಬರ್ತಿದೆ, ಏನಾಗಲ್ಲ ಅಂದ್ರು.”

ಮೈದುನ ಈಗ ಬಾಗಿಲು ಬಿಟ್ಟು ಒಳಗೆ ಬಂದ. ಇಂಜಿನಿಯರ್ ಎಂದರೆ ಸತ್ತ ಮುದುಕಿಯ ಒಬ್ಬನೇ ಮಗ, ಟೈಲರಮ್ಮನ ಗಂಡ. ತಾಯಿ ನೀರು ಕುಡಿಯಲಿ ಎಂದು ಮಗ ಮೊದಲ ಮದ್ದು ನಿಲ್ಲಿಸಿದ. ತಾಯಿ ಆ ನೀರು ಕುಡಿದಳು.

ನಿನ್ನೆ ನಾನೇ ಆ ಇಂಜಿನಿಯರನ ಮುಂದೆ ವರದಿಗಳನ್ನು ಹರಡಿ, “ಇಷ್ಟೊಂದು ಸೊನ್ನೆ ಹೇಗಪ್ಪಾ?” ಎಂದು ಕೇಳಿದ್ದೆ. ಅವನ ಮುಖ ಸುಣ್ಣವಾಗಿತ್ತು. ಹೆಂಡತಿ ಸ್ಟೇಷನ್ನಿನಲ್ಲಿದ್ದಾಳಲ್ಲ, ಅದಕ್ಕೆ ಎಂದುಕೊಂಡೆ.

“ಇಪ್ಪತ್ತು ನಿಮಿಷ,” ಎಂದ ಮೈದುನ.

ಮುಚ್ಚಳ ಬಿಚ್ಚಿದೆ. ಕಾಗದದ ನಡುವೆ ಬೊಟ್ಟಿನಷ್ಟು ಕಂದು ಬಣ್ಣ. ಚಹಾ ಚೆಲ್ಲಿ ಒಣಗಿದಂಥ ಬಣ್ಣ.

ಬಣ್ಣ ಎಷ್ಟು ಗಾಢ ಎಂದು ನಿಖರವಾಗಿ ಹೇಳಲು ಪ್ಲಾಂಟುಗಳಲ್ಲಿ ಒಂದು ಸೀಸೆ ಇಟ್ಟಿರುತ್ತಾರೆ, ಅಳೆದು ಕರಗಿಸಿದ ಗಟ್ಟಿ ಆರ್ಸೆನಿಕ್ ನೀರು. ಅದರ ಒಂದೊಂದು ಹನಿ ತೆಳುಮಾಡಿ ಹೋಲಿಸಿ ನೋಡುವುದು. “ಆ ಹೋಲಿಕೆ ಸೀಸೆ ತಗೊಂಬಾರೋ,” ಎಂದೆ.

ಶಿಸ್ತಪ್ಪ ಬೀರು ತೆರೆದ. ಮೇಲಿನ ಅರೆಯಲ್ಲಿ ಸೀಸೆ ಇದ್ದ ಜಾಗ ದುಂಡಗೆ ಖಾಲಿ.

“ಹಾಂ, ಮರೆತೆ. ನೆನ್ನೆ ಸಾಯಂಕಾಲ ಸಾಹೇಬ್ರು ಬಂದು ತಗೊಂಡು ಹೋದ್ರು. ಹಳೇದಾಗಿದೆ, ಹೊಸದು ತರಿಸ್ತೀನಿ ಅಂದ್ರು.”

“ಹೋಗ್ಲಿ ಬಿಡು,” ಎಂದೆ. ಆ ಮಾತನ್ನು ನಾನು ಎಷ್ಟು ಸಲ ಶಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಆಗ ನನ್ನ ಕಣ್ಣು ಗಡಿಯಾರದ ಮೇಲಿತ್ತು. ಡಬ್ಬಿಯೊಳಗಿನ ಬಣ್ಣದ ಕಾರ್ಡಿಗೇ ಕಾಗದ ಹಿಡಿದು ನೋಡಿದೆ. ಕುಡಿಯಬಹುದಾದ ಮಿತಿಗಿಂತ ಹತ್ತು ಪಟ್ಟು ಮೇಲಿತ್ತು.

ಶಿಸ್ತಪ್ಪ ಸ್ಟೂಲಿನ ಮೇಲೆ ಕುಸಿದ. “ನನ್ನ ಮಗಳು ಇದೇ ನೀರು ಕುಡಿಯೋದು ಟೀಚರ್. ಅವಳಿಗೂ ಕೈಯೆಲ್ಲ ಒರಟು. ಕ್ರೀಮ್ ತಂದ್ಕೊಟ್ಟಿದ್ದೆ.” ಖಾಕಿ ಅಂಗಿಯ ತೋಳಿಗೆ ಕಣ್ಣೊರೆಸಿಕೊಂಡ.

ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ. ಅವನ ತಲೆ ಮುಟ್ಟಿ, “ಆ ತಂತಿ ಕಿತ್ತು ಹಾಕು ಮೊದಲು. ಟ್ಯಾಂಕಿಗೆ ಹೋಗೋ ನೀರು ನಿಲ್ಸು. ಯಾರು ಬಂದು ಏನೇ ಹೇಳಿದ್ರೂ ಬಿಡಬೇಡ,” ಎಂದೆ. “ಲ್ಯಾಬಿನೋರು ಮುಂದಿನ ತಿಂಗಳಿಗೆ ಕಳಿಸಿರೋ ಬಾಟ್ಲಿ ಇದೆಯಲ್ಲ, ಅದನ್ನ ತೊಳೀದೇ ತುಂಬಿಸಿಕೊಡು. ಗಲೀಜಾಗೇ ಇರಲಿ.”

ಬಾಟಲಿ ತುಂಬಿಸಿಕೊಂಡು ಜೀಪು ಹತ್ತಿದೆವು. ಸ್ಟೇಷನ್ನಿಗೆ ಮುಂಚಿನ ಕೊನೆಯ ತಿರುವಿನಲ್ಲಿ ಮೈದುನ ಗಾಡಿ ಬದಿಗೆ ನಿಲ್ಲಿಸಿದ.

“ಅತ್ತಿಗೆ, ನಿಮ್ಮ ಮುಖ ನೋಡಿ ಇಷ್ಟು ಹೊತ್ತು ಹೇಳಲಿಲ್ಲ. ಬೆಳಿಗ್ಗೆ ಇನ್ನೊಂದು ವರದಿ ಬಂತು. ಸೊಸೆ ಕೂದಲು, ಈಚೆಗೆ ಬೆಳೆದ ಬುಡದ ಭಾಗ.”

“ಏನಂತೆ?”

“ಏನೂ ಇಲ್ಲ. ಒಂದು ಚೂರೂ ಆರ್ಸೆನಿಕ್ ಇಲ್ಲ.”

“ಅದಕ್ಕೇನೀಗ?” ಎಂದೆ.

“ಹನ್ನೊಂದು ವರ್ಷದಿಂದ ಅದೇ ಮನೇಲಿದ್ದಾಳೆ,” ಎಂದ ಮೈದುನ. “ನಲ್ಲಿ ನೀರೇ ಕೊಂದಿದ್ದಾದ್ರೆ ಅವಳ ಕೂದಲಲ್ಲೂ ಇರಬೇಕಿತ್ತು. ಇಲ್ಲ ಅಂದ್ರೆ ಒಂದೋ ವಿಷ ಬಂದಿದ್ದು ನೀರಿಂದಲ್ಲ, ಇಲ್ಲ ನೀರಲ್ಲಿ ವಿಷ ಇರೋದು ಅವಳಿಗೆ ಗೊತ್ತಿತ್ತು. ಎರಡರಲ್ಲಿ ಯಾವುದಾದ್ರೂ ಅವಳು ಒಳಗೇ. ನೀವು ಇವತ್ತು ಮಾಡಿದ್ದು ಅವಳಿಗೇ ತಿರುಗಿ ಹೊಡೀತು.”

ಅತ್ತ ದರಿ, ಇತ್ತ ಪುಲಿ. ಬಿಡಿಸಲು ಹೋಗಿ ಗಂಟನ್ನು ಇನ್ನಷ್ಟು ಬಿಗಿದಿದ್ದೆ. ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ಸ್ಟೇಷನ್ನಿನ ಹಜಾರದ ಬೆಂಚಿನಲ್ಲಿ ಇಂಜಿನಿಯರ್ ಕೂತಿದ್ದ, ತೊಡೆಯ ಮೇಲೆ ಆಫೀಸಿನ ಚೀಲ. ನಮ್ಮನ್ನು ನೋಡಿ ಎದ್ದು ನಿಂತ. ನಾನು ನೇರ ಒಳಗೆ ಹೋದೆ.

ಟೈಲರಮ್ಮ ಮೇಜಿನ ಹಿಂದೆ ಕೂತಿದ್ದಳು. ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕುವ ಲೋಹದ ಟೋಪಿ ಇನ್ನೂ ಹಾಗೇ ಇತ್ತು, ಅಂಗಡಿಯಿಂದ ಎಬ್ಬಿಸಿ ತಂದವರು ಅದನ್ನು ತೆಗೆಯಲೂ ಬಿಟ್ಟಿರಲಿಲ್ಲ. ಅವಳ ಮುಂದೆ ನೀಲಿ ಬಾಟಲಿ.

“ನೋಡು ತಾಯಿ, ಸುತ್ತಿ ಬಳಸಿ ಮಾತಾಡೋಕೆ ಟೈಮಿಲ್ಲ,” ಎಂದೆ. “ಮನೆಯವರೆಲ್ಲ ಕುಡಿದ ನೀರು ನೀನು ಕುಡಿದಿಲ್ಲ. ಯಾಕೆ?”

ಅವಳು ಬಾಗಿಲ ಕಡೆ ನೋಡಿದಳು. ತುಟಿ ಕಚ್ಚಿದಳು.

“ಹೇಳು. ಐದಕ್ಕೆ ನಿನ್ನ ಕರ್ಕೊಂಡು ಹೋಗ್ತಾರೆ. ಆಮೇಲೆ ನಾನು ಬಾಯಿ ಬಡ್ಕೊಂಡ್ರೂ ಬಾಗಿಲು ತೆರೆಯಲ್ಲ.”

“ಹೇಳಿದ್ರೆ ನಾನು ಹೊರಗೆ ಬರ್ತೀನಿ, ಅವರು ಒಳಗೆ ಹೋಗ್ತಾರೆ ಅಮ್ಮಾ.”

“ಯಾರು?”

“ನಮ್ಮನೆಯವರು.” ಅವಳ ದನಿ ಪಿಸುಮಾತಿಗೆ ಇಳಿಯಿತು. “ಎರಡು ವರ್ಷದ ಹಿಂದೆ ನಂಗೆ ಹೊಟ್ಟೆನೋವು ಶುರುವಾಯ್ತು. ಆಗಿಂದ ದಿನಾ ಈ ಬಾಟ್ಲೀಲಿ ಆಫೀಸಿನ ಫಿಲ್ಟರ್ ನೀರು ತಂದ್ಕೊಡ್ತಾರೆ. ‘ಇದನ್ನೇ ಕುಡಿ, ಅಮ್ಮಂಗೆ ಹೇಳ್ಬೇಡ’ ಅಂದ್ರು. ಹೆಂಡತಿಗೆ ಬೇರೆ ನೀರು ಅಂದ್ರೆ ಅತ್ತೆ ರಂಪ ಮಾಡ್ತಾರೆ, ಅದಕ್ಕೆ ಅಂದ್ಕೊಂಡೆ. ಅವರಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂತ ಒಳಗೊಳಗೇ ಸಂತೋಷಪಟ್ಟೆ.” ಕಣ್ಣು ತುಂಬಿಕೊಂಡವು. “ಅವರಿಗೆ ಮುಂಚೇನೇ ಗೊತ್ತಿತ್ತಾ ಅಮ್ಮಾ? ಗೊತ್ತಿದ್ದೂ ಅತ್ತೆಗೆ ಅದೇ ನೀರು ಬಿಟ್ರಾ?”

ಅವಳನ್ನು ಬಿಡಿಸುವ ದಾರಿ ಕಣ್ಣ ಮುಂದೆಯೇ ಇತ್ತು, ನೀಲಿ ಬಣ್ಣದಲ್ಲಿ. ಈ ಬಾಟಲಿಯ ನೀರು ಶುದ್ಧ ಎಂದು ತೋರಿಸಿದರೆ ಅವಳ ಕೂದಲು ಯಾಕೆ ಶುದ್ಧ ಎಂಬುದಕ್ಕೆ ಕಾರಣ ಸಿಕ್ಕಿತು, ಕೇಸು ಬಿತ್ತು.

“ಇದನ್ನ ಇವತ್ತೇ ತಂದ್ಕೊಟ್ರಾ?”

“ಮೂರೂವರೆಗೆ. ಪೊಲೀಸಿನೋರ ಕೈಲಿ ಕಳಿಸಿದ್ರು. ಬಾಯಿ ಒಣಗಿತ್ತು, ಅರ್ಧ ಕುಡಿದೆ.” ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. “ಹೊಟ್ಟೆ ತೊಳಸ್ತಾ ಇದೆ. ಹೆದರಿಕೆಗೆ ಇರ್ಬೇಕು.”

“ಇಪ್ಪತ್ತು ನಿಮಿಷ ತಡ್ಕೋ. ಕಾಗದ ಬಿಳಿಯಾಗೇ ಉಳಿದ್ರೆ ನೀನು ಮನೆಗೆ,” ಎಂದೆ. ಡಬ್ಬಿ ತೆರೆದೆ. ಉಳಿದಿದ್ದ ಒಂದೇ ಕಾಗದ ಸಿಕ್ಕಿಸಿದೆ, ನೀಲಿ ಬಾಟಲಿಯ ನೀರು ಸುರಿದೆ, ಪುಡಿ ಹಾಕಿದೆ. “ಟೈಮ್ ನೋಡ್ಕೊಳ್ಳೋ,” ಎಂದೆ ಮೈದುನನಿಗೆ.

“ನಾಲ್ಕು ಗಂಟೆ ಮೂರು ನಿಮಿಷ.”

ಸೀಸೆಯೊಳಗೆ ಗುಳ್ಳೆಗಳು ಏಳತೊಡಗಿದವು. ಟೈಲರಮ್ಮ ಕಣ್ಣು ಮುಚ್ಚಿ ಕೂತಳು. ನಾನು ನೋಡಬಾರದೆಂದುಕೊಂಡೇ ಮುಚ್ಚಳದ ಸೀಳಿನಿಂದ ಕಾಣುವ ಕಾಗದದ ಅಂಚನ್ನು ನೋಡಿದೆ.

ಅದು ಹಳದಿಯಾಯಿತು. ನಾನು ಕಣ್ಣುಜ್ಜಿಕೊಂಡು ಮತ್ತೆ ನೋಡುವಷ್ಟರಲ್ಲಿ ಕಂದು. ಆಮೇಲೆ ಕಪ್ಪು.

“ಟೈಮೆಷ್ಟು?”

“ನಾಲ್ಕು ಗಂಟೆ ಐದು ನಿಮಿಷ. ಯಾಕೆ ಅತ್ತಿಗೆ?”

ಪ್ಲಾಂಟಿನ ನೀರಿಗೆ ಆ ಚಹಾದ ಬಣ್ಣ ಬರಲು ಇಪ್ಪತ್ತು ನಿಮಿಷ ಹಿಡಿದಿತ್ತು. ಇದಕ್ಕೆ ಎರಡು ನಿಮಿಷ. ನನ್ನ ಕಾರ್ಡಿನಲ್ಲಿ ಇಷ್ಟು ಕಪ್ಪು ಬಣ್ಣವೇ ಇಲ್ಲ. ಯಾವ ಬಾವಿಯೂ, ಯಾವ ನಲ್ಲಿಯೂ ಇಂಥ ನೀರು ಕೊಡುವುದಿಲ್ಲ. ಬೀರುವಿನ ಮೇಲಿನ ಅರೆಯಲ್ಲಿ ದುಂಡಗೆ ಖಾಲಿಯಿದ್ದ ಜಾಗ ಕಣ್ಣಿಗೆ ಕಟ್ಟಿತು. ಹೋಗ್ಲಿ ಬಿಡು ಎಂದಿದ್ದೆ ನಾನು.

“ಆಂಬುಲೆನ್ಸ್!” ಎಂದು ಕಿರುಚಿದೆ. “ಆಸ್ಪತ್ರೆಗೆ ಹೇಳು, ಆರ್ಸೆನಿಕ್ ಕುಡಿದಿದ್ದಾಳೆ, ಅರ್ಧ ಗಂಟೆ ಆಗಿದೆ ಅಂತ ಹೇಳು. ಓಡು!”

ಮೈದುನ ಫೋನಿಗೆ ಹಾರಿದ. ಟೈಲರಮ್ಮ ಕಣ್ಣು ತೆರೆದಳು. “ಅಮ್ಮಾ?” ಎಂದಳು. ಅಷ್ಟೇ ಹೇಳಲಾಯಿತು. ಮೇಜಿಗೆ ಹಣೆ ಹಚ್ಚಿದಳು. ನಾನು ಅವಳ ಹೆಗಲು ಹಿಡಿದುಕೊಂಡೆ.

ಬಾಗಿಲಲ್ಲಿ ಇಂಜಿನಿಯರ್ ನಿಂತಿದ್ದ. ಅವನ ಕಣ್ಣು ಹೆಂಡತಿಯ ಮೇಲಿರಲಿಲ್ಲ, ನೀಲಿ ಬಾಟಲಿಯ ಮೇಲಿತ್ತು.

“ಆ ಬಾಟ್ಲಿ ಯಾಕೆ ಇಲ್ಲಿದೆ?” ಎಂದ.

“ನೀನೇ ಕಳಿಸಿದ್ದಲ್ವೇನೋ, ಪಾಪಿ!”

“ಇಲ್ಲ. ಇಲ್ಲ ಟೀಚರ್. ಅದು ಅವಳಿಗಲ್ಲ, ನಂದು.” ಅವನ ಹಲ್ಲು ಕಟಕಟಿಸುತ್ತಿತ್ತು. “ನಿನ್ನೆ ನೀವು ಆ ಸೊನ್ನೆಗಳನ್ನ ತೋರಿಸಿದಾಗ್ಲೇ ಗೊತ್ತಾಯ್ತು, ಅಮ್ಮನ್ನ ಕೊಂದೋನು ನಾನೇ ಅಂತ. ಆ ಹೋಲಿಕೆ ಸೀಸೆ ಅದಕ್ಕೆ ಸುರಿದು ನಂಗೆ ಅಂತ ಇಟ್ಕೊಂಡಿದ್ದೆ. ಚೀಲದಲ್ಲಿ ಎರಡಿತ್ತು. ಎರಡೂ ನೀಲಿ. ನಾನು ಅವರ ಕೈಗೆ...”

ಚೀಲಕ್ಕೆ ಕೈ ಹಾಕಿ ಇನ್ನೊಂದು ಬಾಟಲಿ ತೆಗೆದ. ಅದೇ ನೀಲಿ, ಅದೇ ಮುಚ್ಚಳ, ಕಂಠದವರೆಗೂ ನೀರು.

“ಅವಳಿಗೆ ತಂದಿದ್ದು ಇದು. ಒಳ್ಳೇ ನೀರು. ನಂಬಿಕೆ ಇಲ್ವಾ? ನೋಡಿ.”

“ಮುಟ್ಟಬೇಡ! ಕೆಳಗಿಡು ಅದನ್ನ!”

ಒಂದು ಕೈಯಲ್ಲಿ ಅವಳ ತಲೆ ಹಿಡಿದಿದ್ದೆ, ಬಿಟ್ಟರೆ ನೆಲಕ್ಕೆ ಬೀಳುತ್ತಿದ್ದಳು. ಅವನು ಮುಚ್ಚಳ ತಿರುಗಿಸಿ ಬಾಟಲಿ ಎತ್ತಿದ. ಗಟಗಟ ಕುಡಿದ. ಕೊನೆಯ ಹನಿಯವರೆಗೂ ಕುಡಿದು, ಬಾಯಿ ಒರೆಸಿಕೊಂಡು, ನನ್ನ ಮುಖ ನೋಡುತ್ತ ನಿಂತ.

ಅವನು ಹೇಳಿದ್ದು ನಿಜವೇ ಆಗಿದ್ದರೆ ಅವನು ಬದುಕುತ್ತಾನೆ. ನೋಡಲು ನನ್ನ ಡಬ್ಬಿಯಲ್ಲಿ ಇನ್ನೊಂದು ಕಾಗದ ಇರಲಿಲ್ಲ.